ಸಭಾಪಾಲಕ ಬನಿಯನ್ನನ ಎರಡು ಬಾಗಿಲುಗಳು

ಹುಡುಗನಾಗಿದ್ದಾಗ ಓದಿದ ಒಂದು ಪುಸ್ತಕದ ಮೇಲೆ ನನಗೆ ಬಹುಕಾಲ ಮುನಿಸಿತ್ತು. ಮಿಶನ್ ಶಾಲೆಯಲ್ಲಿ ಬಹುಮಾನವಾಗಿ ಬಂದ ಪುಸ್ತಕ ಅದು. ಜಾನ್ ಬನಿಯನ್ ಎಂಬ ಇಂಗ್ಲಿಷ್ ಸಭಾಪಾಲಕ ಬರೆದ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಎಂಬ ರೂಪಕ ಕಥೆಯನ್ನು ಹುಡುಗರಿಗಾಗಿ ಸಂಗ್ರಹಿಸಿ, ಚಿತ್ರಗಳನ್ನು ಸೇರಿಸಿ ಅಚ್ಚುಹಾಕಿದ್ದು. ಬೆನ್ನ ಮೇಲೆ ಗಂಟು ಹೊತ್ತ ಯಾತ್ರಿಕ, ಕೆಸರಿನ ಹೊಂಡ, ಸರಪಳಿ ಬಿಗಿದ ಸಿಂಹಗಳು, ದೈತ್ಯನ ಕೋಟೆ ಇವನ್ನೆಲ್ಲ ಊಟದ ಹೊತ್ತು ಮರೆತು ಓದಿದೆ. ಕಡೆಯ ಪುಟಕ್ಕೆ ಬಂದಾಗ ಮಾತ್ರ ಉತ್ಸಾಹ ಜರ್ರನೆ ಇಳಿದುಹೋಯಿತು. ಅಲ್ಲಿ 'ಅಜ್ಞಾನಿ' ಎಂಬ ಹೆಸರಿನ ತರುಣನೊಬ್ಬ ಸ್ವರ್ಗದ ಬಾಗಿಲವರೆಗೂ ನಡೆದು ಬಂದಿದ್ದಾನೆ. ಬಾಗಿಲಲ್ಲಿದ್ದವರು ಅವನ ಪತ್ರವನ್ನು ಕೇಳುತ್ತಾರೆ. ಅವನು ಎದೆಯ ಬಳಿ ತಡಕಾಡುತ್ತಾನೆ, ಏನೂ ಸಿಕ್ಕುವುದಿಲ್ಲ. ಅವನ ಕೈಕಾಲು ಕಟ್ಟಿ ಎತ್ತಿಕೊಂಡು ಹೋಗಿ, ಗುಡ್ಡದ ಮಗ್ಗುಲಲ್ಲಿದ್ದ ಇನ್ನೊಂದು ಬಾಗಿಲಿನಿಂದ ನರಕಕ್ಕೆ ತಳ್ಳುತ್ತಾರೆ. ಕಥೆ ಅಲ್ಲಿಗೆ ಮುಗಿಯಿತು.

ಈ ಅಜ್ಞಾನಿ ಮಾಡಿದ ತಪ್ಪಾದರೂ ಏನು? ಅವನೇ ಹೇಳಿಕೊಳ್ಳುವಂತೆ ಅವನು ಯಾರ ಬಾಕಿಯನ್ನೂ ಉಳಿಸಿಕೊಂಡವನಲ್ಲ. ಪ್ರಾರ್ಥನೆ ಮಾಡುತ್ತಾನೆ, ಉಪವಾಸವಿರುತ್ತಾನೆ, ದಾನಧರ್ಮ ಮಾಡುತ್ತಾನೆ. ನಮ್ಮ ಅಜ್ಜಿ ಮಾಡುತ್ತಿದ್ದುದೂ ಅದನ್ನೇ. ಏಕಾದಶಿಯ ದಿನ ಆಕೆ ಹನಿ ನೀರು ಮುಟ್ಟುತ್ತಿರಲಿಲ್ಲ. ಬಾಗಿಲಿಗೆ ಬಂದವರನ್ನು ಹಿಡಿ ಅಕ್ಕಿ ಹಾಕದೆ ಕಳಿಸುತ್ತಿರಲಿಲ್ಲ. ಆ ರಾತ್ರಿ ಆಕೆಯ ಮಗ್ಗುಲಲ್ಲಿ ಮಲಗಿ, ಅಜ್ಜಿಯ ಹತ್ತಿರ ಪತ್ರ ಎಲ್ಲಿದೆ ಎಂದು ಯೋಚಿಸುತ್ತ ಬಹಳ ಹೊತ್ತು ಎಚ್ಚರವಾಗಿದ್ದೆ. ಬೆಳಗಾದ ಮೇಲೆ ಪುಸ್ತಕವನ್ನು ಅಟ್ಟಕ್ಕೆ ಹಾಕಿದೆ.

ಈಚೆಗೆ ಆ ಕೃತಿಯನ್ನು ಮತ್ತೆ ಕೈಗೆತ್ತಿಕೊಂಡೆ. ಈ ಸಲ ಸಂಗ್ರಹವನ್ನು ಬಿಟ್ಟು, 1678ರಲ್ಲಿ ಅಚ್ಚಾದ ಮೊದಲನೆಯ ಭಾಗವನ್ನೂ 1684ರಲ್ಲಿ ಬಂದ ಎರಡನೆಯ ಭಾಗವನ್ನೂ ಇಡಿಯಾಗಿ ಓದಿದೆ. ಜೊತೆಗೆ ಬನಿಯನ್ ತನ್ನ ಸಭೆಯ ಆಚಾರವಿಚಾರಗಳನ್ನು ಕುರಿತು ಬರೆದ, ಈಗ ಸಾಮಾನ್ಯ ವಾಚಕರು ತೆರೆದು ನೋಡದ ವಾದಗ್ರಂಥಗಳ ಕಡೆಗೂ ಗಮನ ಕೊಟ್ಟೆ. ಹಳೆಯ ಮುನಿಸು ಪೂರ್ತಿ ಕರಗಿತೆಂದು ಹೇಳಲಾರೆ. ಆದರೆ ಒಂದು ಸಂಗತಿ ಮನದಟ್ಟಾಯಿತು. ಮೊದಲನೆಯ ಭಾಗದ ಬಾಗಿಲಲ್ಲಿ ನಿಂತವನು ಸೆರೆಯಾಳು ಬನಿಯನ್. ಎರಡನೆಯ ಭಾಗದ ಬಾಗಿಲಲ್ಲಿ ನಿಂತವನು ಸಭಾಪಾಲಕ ಬನಿಯನ್. ಎರಡನೆಯ ಭಾಗವನ್ನು ಮೊದಲನೆಯದರ ಬಾಲಂಗೋಚಿಯೆಂದು ವಿಮರ್ಶಕರು ತಳ್ಳಿಹಾಕುವುದುಂಟು. ನನ್ನ ಮಟ್ಟಿಗೆ ಹೇಳುವುದಾದರೆ, ಈ ಮನುಷ್ಯನ ಧರ್ಮಚಿಂತನೆ ಹಣ್ಣಾದದ್ದು ಆ ಬಾಲಂಗೋಚಿಯಲ್ಲೇ. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಪಾತ್ರಗಳ ಹೆಸರುಗಳನ್ನು ನನಗೆ ತೋಚಿದಂತೆ ಕನ್ನಡಿಸಿಕೊಂಡಿದ್ದೇನೆ.

ಬನಿಯನ್ 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಬಳಿಯ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಹುಟ್ಟಿದ. ತೂತುಬಿದ್ದ ಪಾತ್ರೆಪಡಗಗಳನ್ನು ಬೆಸೆದುಕೊಡುವುದು ತಂದೆಯ ಕಸುಬು. ಮಗನೂ ಅದನ್ನೇ ಕಲಿತ. ಹದಿಹರೆಯದಲ್ಲಿ, ದೊರೆಗೂ ಪಾರ್ಲಿಮೆಂಟಿಗೂ ನಡೆದ ಯುದ್ಧದ ಕಾಲದಲ್ಲಿ, ಪಾರ್ಲಿಮೆಂಟಿನ ಕಡೆಯ ದಂಡಿನಲ್ಲಿದ್ದ. ಮದುವೆಯಾದಾಗ ಗಂಡಹೆಂಡಿರಿಗೆ ಒಂದು ತಟ್ಟೆ ಒಂದು ಚಮಚವೂ ಗತಿಯಿರಲಿಲ್ಲವೆಂದು ಅವನೇ ಬರೆದಿದ್ದಾನೆ. ಹೆಂಡತಿ ತವರಿನಿಂದ ತಂದದ್ದು ಎರಡು ಭಕ್ತಿಗ್ರಂಥಗಳನ್ನು ಮಾತ್ರ.

ಒಂದು ದಿನ ಅವನು ಕಸುಬಿನ ಮೇಲೆ ಬೆಡ್‌ಫರ್ಡಿಗೆ ಹೋಗಿದ್ದಾಗ ಮೂರು ನಾಲ್ಕು ಮಂದಿ ಬಡ ಹೆಂಗಸರು ಮನೆಬಾಗಿಲಲ್ಲಿ ಬಿಸಿಲು ಕಾಯುತ್ತ ಕುಳಿತು ದೇವರ ವಿಷಯ ಮಾತಾಡಿಕೊಳ್ಳುತ್ತಿದ್ದರು. ಅವರ ಮಾತಿನಲ್ಲಿ ಇವನಿಗೆ ಗೊತ್ತಿಲ್ಲದ ಒಂದು ಸಂತೋಷವಿತ್ತು. ಇವನು ಹತ್ತಿರ ಸರಿದು ಕೇಳಿದ, ಅರ್ಥವಾಗಲಿಲ್ಲ, ಆದರೆ ಬಿಟ್ಟು ಹೋಗಲೂ ಆಗಲಿಲ್ಲ. 1666ರಲ್ಲಿ ಪ್ರಕಟವಾದ ಅವನ ಆತ್ಮಕಥೆ 'ಗ್ರೇಸ್ ಅಬೌಂಡಿಂಗ್'ನಲ್ಲಿ ಈ ಪ್ರಸಂಗ ಬರುತ್ತದೆ. ಇಂಗ್ಲಿಷ್ ಗದ್ಯದಲ್ಲಿ ಇದಕ್ಕಿಂತ ಸರಳವಾದ, ಇದಕ್ಕಿಂತ ನಿಜವಾದ ಚಿತ್ರ ಕಡಮೆ ಎಂದರೆ ಅತಿಶಯೋಕ್ತಿಯಾಗದು. ವಾಚಕರು ಈ ಹೆಂಗಸರನ್ನು ನೆನಪಿನಲ್ಲಿಟ್ಟಿರಬೇಕೆಂದು ನನ್ನ ಕೋರಿಕೆ. ಮುಂದೆ ಮತ್ತೆ ಇವರ ಬಳಿಗೆ ಬರಬೇಕಾಗುತ್ತದೆ.

ಆ ಹೆಂಗಸರು ಬೆಡ್‌ಫರ್ಡಿನ ಒಂದು ಸಣ್ಣ ಸಭೆಗೆ ಸೇರಿದವರು. ಸರಕಾರದ ಚರ್ಚಿನಿಂದ ಬೇರೆಯಾಗಿ 1650ರಲ್ಲಿ ಕೂಡಿಕೊಂಡ ಸಭೆ ಅದು. ಅದರ ಪಾಲಕ ಜಾನ್ ಗಿಫರ್ಡ್, ಒಂದು ಕಾಲಕ್ಕೆ ದೊರೆಯ ಕಡೆಯ ಸೈನ್ಯಾಧಿಕಾರಿ. ಬನಿಯನ್ ಆ ಸಭೆಯನ್ನು ಸೇರಿದ, ಉಪದೇಶ ಮಾಡತೊಡಗಿದ. 1660ರಲ್ಲಿ ದೊರೆತನ ಮತ್ತೆ ಸ್ಥಾಪನೆಯಾದಾಗ, ಅಪ್ಪಣೆಯಿಲ್ಲದೆ ಉಪದೇಶ ಮಾಡಿದ ಅಪರಾಧಕ್ಕಾಗಿ ಅವನನ್ನು ಹಿಡಿದು ಸೆರೆಗೆ ಹಾಕಿದರು. ಇನ್ನು ಮೇಲೆ ಉಪದೇಶ ಮಾಡುವುದಿಲ್ಲವೆಂದು ಒಂದು ಮಾತು ಹೇಳಿದ್ದರೆ ಬಿಡುಗಡೆಯಾಗುತ್ತಿತ್ತು. ಅವನು ಹೇಳಲಿಲ್ಲ, ಹನ್ನೆರಡು ವರ್ಷ ಒಳಗೇ ಉಳಿದ. ಹೊರಗೆ ಎರಡನೆಯ ಹೆಂಡತಿ ಎಲಿಜಬೆತ್, ಮೊದಲ ಹೆಂಡತಿಯ ನಾಲ್ಕು ಮಕ್ಕಳು; ಹಿರಿಯ ಮಗಳು ಮೇರಿ ಹುಟ್ಟುಕುರುಡಿ. ಸಂಸಾರ ಸಾಗಿಸಲು ಅವನು ಸೆರೆಮನೆಯಲ್ಲಿ ಕುಳಿತು ನೂಲಿನ ಲಾಡಿಗಳ ತುದಿಗೆ ಲೋಹದ ಮೊನೆ ಕೂಡಿಸಿ ಮಾರಿಸುತ್ತಿದ್ದ. ಕುರುಡು ಮಗಳ ನೆನಪಾದರೆ ಎಲುಬಿನಿಂದ ಮಾಂಸ ಕಿತ್ತಂತಾಗುತ್ತಿತ್ತೆಂಬ ಅರ್ಥದಲ್ಲಿ ಬರೆದುಕೊಂಡಿದ್ದಾನೆ. 1672ರ ಜನವರಿಯಲ್ಲಿ, ಇನ್ನೂ ಸೆರೆಯಲ್ಲಿದ್ದಾಗಲೇ, ಬೆಡ್‌ಫರ್ಡ್ ಸಭೆ ಅವನನ್ನು ತನ್ನ ಪಾಲಕನನ್ನಾಗಿ ಆರಿಸಿತು. ಅದೇ ವರ್ಷ ಅವನಿಗೆ ಬಿಡುಗಡೆಯಾಯಿತು.

ಬನಿಯನ್ನನನ್ನು ಬ್ಯಾಪ್ಟಿಸ್ಟ್ ಪಾಲಕನೆಂದು ಕರೆಯುವುದು ವಾಡಿಕೆ. ಆ ಪಂಥದ ಮಾತನ್ನು ಇಲ್ಲಿ ಎರಡು ವಾಕ್ಯಗಳಲ್ಲಿ ಹೇಳಬೇಕು. ತಿಳಿವಳಿಕೆಯಿಲ್ಲದ ಕೂಸಿಗೆ ದೀಕ್ಷಾಸ್ನಾನ ಕೊಡುವುದು ವ್ಯರ್ಥ. ಬುದ್ಧಿ ಬಂದು, ತಾನಾಗಿ ನಂಬಿ, ನಂಬಿದೆನೆಂದು ಹತ್ತು ಜನರ ಮುಂದೆ ಹೇಳಿಕೊಂಡವನನ್ನೇ ನೀರಿನಲ್ಲಿ ಮುಳುಗಿಸಬೇಕು ಎಂಬುದು ಅವರ ಸಿದ್ಧಾಂತ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಸಿದ್ಧಾಂತಕ್ಕಾಗಿ ಜನ ನಿಂದೆ ಸಹಿಸಿದರು, ದಂಡ ತೆತ್ತರು, ಸೆರೆಗೆ ಹೋದರು. ಆದುದರಿಂದ ಅವರಿಗೆ ನೀರು ಸಣ್ಣ ವಿಷಯವಾಗಿರಲಿಲ್ಲ. ಸ್ನಾನ ಪಡೆಯದವನಿಗೆ ಸಭೆಯ ಸದಸ್ಯತ್ವವಿಲ್ಲ, ಕರ್ತನ ಭೋಜನದ ಪಂಕ್ತಿಯಲ್ಲಿ ಸ್ಥಳವಿಲ್ಲ ಎಂಬುದು ಲಂಡನ್ನಿನ ಅನೇಕ ಬ್ಯಾಪ್ಟಿಸ್ಟ್ ಹಿರಿಯರ ನಿಲುವು.

ಬೆಡ್‌ಫರ್ಡಿನ ಸಭೆ ಹಾಗಿರಲಿಲ್ಲ. 1655ರಲ್ಲಿ ತೀರಿಕೊಂಡ ಗಿಫರ್ಡ್, ಸಾಯುವ ಮುನ್ನ ಸಭೆಗೆ ಬರೆದ ಪತ್ರದಲ್ಲಿ, ಸ್ನಾನವೇ ಮೊದಲಾದ ಹೊರಗಿನ ಆಚಾರಗಳಿಗಾಗಿ ಒಡೆದು ಬೇರೆಯಾಗಬೇಡಿರೆಂದು ಕೇಳಿಕೊಂಡಿದ್ದ. ಬನಿಯನ್ ಆ ಮಾತಿಗೆ ಶಾಸ್ತ್ರದ ಆಧಾರ ಕಟ್ಟಿಕೊಟ್ಟ. 1672ರಲ್ಲಿ ತನ್ನ ನಂಬಿಕೆಯ ವಿವರಣೆಯೊಂದನ್ನು ಪ್ರಕಟಿಸಿದ. ಅದಕ್ಕೆ ಲಂಡನ್ನಿನಿಂದ ಖಂಡನೆ ಬಂದಾಗ, 1673ರಲ್ಲಿ, ನೀರಿನ ಸ್ನಾನದ ವಿಷಯದಲ್ಲಿ ಅಭಿಪ್ರಾಯಭೇದವಿದ್ದ ಮಾತ್ರಕ್ಕೆ ಸಹಭೋಜನಕ್ಕೆ ಅಡ್ಡಿಯಿಲ್ಲವೆಂದು ಹೆಸರಿನಲ್ಲೇ ಸಾರುವ ಗ್ರಂಥವನ್ನು ಬರೆದ. ಮರುವರ್ಷ ಮತ್ತೊಂದು ಉತ್ತರ ಕೊಟ್ಟ. ಅವನ ವಾದದ ತಿರುಳು ಇಷ್ಟು: ದೇವರು ಯಾರನ್ನು ಒಳಗೆ ಕರೆದುಕೊಂಡಿದ್ದಾನೋ ಅವರನ್ನು ಹೊರಗೆ ನಿಲ್ಲಿಸಲು ನಾವು ಯಾರು? ಸ್ನಾನ ಒಳ್ಳೆಯದೇ, ನಂಬಿದವನಿಗೆ ಅದು ಬಲ ಕೊಡುವ ಗುರುತು. ಆದರೆ ಅದು ಅವನಿಗೂ ದೇವರಿಗೂ ಸೇರಿದ ಸಂಗತಿ. ಸಭೆಯ ಬಾಗಿಲಿಗೆ ಹಾಕುವ ಅಗಣಿ ಅದಲ್ಲ. ತನಗೆ ಪಂಥದ ಹೆಸರು ಬೇಡ, ಕ್ರೈಸ್ತನೆಂಬ ಹೆಸರೊಂದು ಸಾಕು ಎಂದೂ ಬರೆದ.

ಎದುರು ವಾದವನ್ನು ಹಗುರವಾಗಿ ಕಾಣಬಾರದು. ಲಂಡನ್ನಿನ ಹಿರಿಯರಲ್ಲಿ ಮುಖ್ಯನಾದ ವಿಲಿಯಂ ಕಿಫಿನ್ ಸಾಮಾನ್ಯ ವ್ಯಕ್ತಿಯಲ್ಲ, ನಂಬಿಕೆಗಾಗಿ ಕಷ್ಟಪಟ್ಟವನು. ಸ್ನಾನ ಕ್ರಿಸ್ತನ ಆಜ್ಞೆ ಎಂದು ಒಪ್ಪಿದ ಮೇಲೆ, ಆ ಆಜ್ಞೆಯನ್ನು ಪಾಲಿಸದವನನ್ನೂ ಪಾಲಿಸಿದವನನ್ನೂ ಒಂದೇ ಪಂಕ್ತಿಯಲ್ಲಿ ಹೇಗೆ ಕೂರಿಸುವುದು? ಇಂದು ಒಂದು ಆಜ್ಞೆಯನ್ನು ಬಿಟ್ಟರೆ ನಾಳೆ ಇನ್ನೊಂದನ್ನು ಬಿಡುವುದಿಲ್ಲವೆಂಬ ಭರವಸೆ ಏನು? 1681ರಲ್ಲಿ ಕಿಫಿನ್ ಈ ವಿಷಯವಾಗಿಯೇ ಒಂದು ಗ್ರಂಥ ಬರೆದ. ಅವನ ಪ್ರಶ್ನೆಗೆ ತರ್ಕದಲ್ಲಿ ಸುಲಭವಾದ ಉತ್ತರವಿಲ್ಲ. ಕಟ್ಟುನಿಟ್ಟು ಸಡಿಲಿಸಿದ ಸಂಸ್ಥೆಗಳು ಕರಗಿಹೋದದ್ದನ್ನು ನಾವೂ ಕಂಡಿದ್ದೇವೆ. ಆದರೆ ಬನಿಯನ್ನನ ವಿರೋಧಿಗಳಲ್ಲಿ ಕೆಲವರು ತರ್ಕಕ್ಕೆ ನಿಲ್ಲದೆ ಅವನ ಕೀಳು ಹುಟ್ಟನ್ನು, ಓದಿಲ್ಲದ್ದನ್ನು ಎತ್ತಿ ಆಡಿದರು. ತನ್ನಂಥ ಅಂತಸ್ತಿನವನ ಮಾತಿಗೆ ಬೆಲೆ ಕೊಡಬೇಕಿಲ್ಲವೆಂದರೆಂದು ಬನಿಯನ್ ನೊಂದು ಬರೆದಿದ್ದಾನೆ. ಬಾಗಿಲಿನ ಪ್ರಶ್ನೆ ಹಾಗೆಯೇ. ನೀರಿನಿಂದ ಆರಂಭವಾಗಿ ಹುಟ್ಟಿನವರೆಗೆ ಹೋಗುತ್ತದೆ.

ಈ ವಾದವನ್ನು ತಿಳಿದ ಮೇಲೆ ರೂಪಕ ಕಥೆಯನ್ನು ಓದಿದರೆ, ಮೊದಲು ಕಣ್ಣಿಗೆ ಬೀಳದ ಸಂಗತಿಗಳು ಬೀಳುತ್ತವೆ. ಮೊದಲನೆಯ ಭಾಗದ ಕ್ರೈಸ್ತ ನಾಶದ ಪಟ್ಟಣವನ್ನು ಬಿಟ್ಟು, ಕಿರುಬಾಗಿಲನ್ನು ಹಾದು, ಶಿಲುಬೆಯ ಬುಡದಲ್ಲಿ ಬೆನ್ನಿನ ಗಂಟನ್ನು ಕಳೆದುಕೊಳ್ಳುತ್ತಾನೆ. ಅಲ್ಲಿ ಅವನಿಗೆ ಹೊಸ ಉಡುಪು, ಹಣೆಯ ಮೇಲೊಂದು ಗುರುತು, ಮುದ್ರೆಯೊತ್ತಿದ ಸುರುಳಿ ಸಿಕ್ಕುತ್ತವೆ. ಅನಂತರ ಬರುವುದು 'ಸುಂದರ ಅರಮನೆ'. ಅದು ಸಭೆಯ ಪ್ರತೀಕವೆಂಬುದು ಸ್ಪಷ್ಟ. ಬಾಗಿಲಲ್ಲಿ ಕಾವಲುಗಾರನಿದ್ದಾನೆ, ವಿವೇಕ, ಭಕ್ತಿ, ಬುದ್ಧಿ, ಪ್ರೀತಿ ಎಂಬ ಕನ್ಯೆಯರು ಬಂದವನನ್ನು ವಿಚಾರಿಸುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನು ಗಮನಿಸಬೇಕು. ಎಲ್ಲಿಂದ ಬಂದೆ, ದಾರಿಯಲ್ಲಿ ಏನು ಕಂಡೆ, ಮನಸ್ಸಿನಲ್ಲಿ ಏನಾಗುತ್ತಿದೆ, ಹೆಂಡತಿ ಮಕ್ಕಳನ್ನು ಏಕೆ ಕರೆತರಲಿಲ್ಲ ಎಂದು ಕೇಳುತ್ತಾರೆ. ನೀರಿನಲ್ಲಿ ಮುಳುಗಿದೆಯಾ ಎಂದು ಒಬ್ಬಳೂ ಕೇಳುವುದಿಲ್ಲ. ಬ್ಯಾಪ್ಟಿಸ್ಟನೆನಿಸಿಕೊಂಡವನು ಬರೆದ ಮೊದಲನೆಯ ಭಾಗದಲ್ಲಿ ದೀಕ್ಷಾಸ್ನಾನದ ದೃಶ್ಯವೇ ಇಲ್ಲ!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕ್ರೈಸ್ತನ ಜೊತೆಗಾರ ನಂಬಿಗಸ್ತ ಆ ಅರಮನೆಯೊಳಗೆ ಹೋದವನೇ ಅಲ್ಲ. ಇನ್ನೂ ಹೊತ್ತಿದೆಯೆಂದು ಕಾವಲುಗಾರನನ್ನು ದಾಟಿ ಮುಂದೆ ನಡೆದುಬಿಟ್ಟವನು. ಆದರೂ ಮಾಯಾ ಸಂತೆಯಲ್ಲಿ ನಂಬಿಕೆಗಾಗಿ ಪ್ರಾಣ ಕೊಡುವವನು ಅವನೇ; ರಥವೇರಿ ಎಲ್ಲರಿಗಿಂತ ಮೊದಲು ಸ್ವರ್ಗ ಸೇರುವವನೂ ಅವನೇ. ಸ್ನಾನವಿಲ್ಲದೆ ಸಭೆಯುಂಟು ಎಂದು ಗ್ರಂಥದಲ್ಲಿ ವಾದಿಸಿದ ಪಾಲಕ, ಸಭೆಯಿಲ್ಲದೆಯೂ ಸ್ವರ್ಗವುಂಟು ಎಂದು ಕಥೆಯಲ್ಲಿ ಸದ್ದಿಲ್ಲದೆ ಹೇಳಿಬಿಟ್ಟಿದ್ದಾನೆ. ವಾದ ಮಾಡುವಾಗ ಲೇಖಕ ಎದುರಾಳಿಯ ಮೇಲೆ ಕಣ್ಣಿಟ್ಟಿರುತ್ತಾನೆ. ಕಥೆ ಕಟ್ಟುವಾಗ ಅವನು ನಿಜವಾಗಿ ನಂಬಿದ್ದು ಹೊರಬೀಳುತ್ತದೆ.

ಹಾಗಾದರೆ ಅಜ್ಞಾನಿಯ ಗತಿ? ಇಲ್ಲಿ ನನ್ನ ಹಳೆಯ ಮುನಿಸು ಮತ್ತೆ ತಲೆಯೆತ್ತುತ್ತದೆ. ಬನಿಯನ್ನನ ಸಿದ್ಧಾಂತಕ್ಕೆ ಅನ್ಯಾಯವಾಗದಂತೆ ಹೇಳುವುದಾದರೆ, ಅಜ್ಞಾನಿಯನ್ನು ತಳ್ಳಿದ್ದು ಅವನು ಉಪವಾಸವಿದ್ದುದಕ್ಕಲ್ಲ, ದಾನ ಮಾಡಿದ್ದಕ್ಕೂ ಅಲ್ಲ. ತನ್ನ ಒಳ್ಳೆಯತನವೇ ತನ್ನನ್ನು ದಾಟಿಸುತ್ತದೆಂಬ ಠೇಂಕಾರಕ್ಕೆ. ಮನುಷ್ಯನ ಸುಕೃತದಿಂದ ರಕ್ಷಣೆಯಿಲ್ಲ, ದೇವರ ಕೃಪೆಯೊಂದರಿಂದಲೇ ಎಂಬುದು ಬನಿಯನ್ನನ ಧರ್ಮದ ಬುನಾದಿ. ಸುರುಳಿ ಎಂದರೆ ಯೋಗ್ಯತಾಪತ್ರವಲ್ಲ. ಕೃಪೆ ತನಗೆ ಸಿಕ್ಕಿದೆಯೆಂಬ ಭರವಸೆ. ಇದು ಸರಿ. ಆದರೆ ಕಥೆಗೆ ತನ್ನದೇ ಆದ ನ್ಯಾಯವಿದೆ. ನೀರಿನ ಗುರುತನ್ನು ಬಾಗಿಲಿನಿಂದ ಕಿತ್ತುಹಾಕಿದವನು ಅದೇ ಜಾಗದಲ್ಲಿ ಸುರುಳಿಯ ಗುರುತನ್ನು ನೆಟ್ಟಿದ್ದಾನೆ. ಕಣ್ಣಿಗೆ ಕಾಣುವ ಗುರುತಿಗಿಂತ ಕಾಣದ ಗುರುತು ಇನ್ನೂ ಕ್ರೂರವಾದದ್ದು. ನೀರಿನಲ್ಲಾದರೆ ಯಾರು ಬೇಕಾದರೂ ಮುಳುಗಬಹುದು, ಎದೆಯಲ್ಲಿ ಭರವಸೆ ಹುಟ್ಟದವನು ಏನು ಮಾಡಬೇಕು?

ಇದಕ್ಕಿಂತಲೂ ನನ್ನನ್ನು ಚುಚ್ಚುವ ವಿವರ ಒಂದಿದೆ. ಕ್ರೈಸ್ತನೂ ಅವನ ಗೆಳೆಯ ಆಶಾವಂತನೂ ದಾರಿಯಲ್ಲಿ ಅಜ್ಞಾನಿಯೊಡನೆ ವಾದ ಮಾಡುತ್ತಾರೆ. ವಾದದಲ್ಲಿ ಗೆಲ್ಲುತ್ತಾರೆ. ಅನಂತರ ಇವರು ಬಿರುಸಾಗಿ ಮುಂದೆ ನಡೆಯುತ್ತಾರೆ. ಅವನು ಕುಂಟುತ್ತ ಹಿಂದೆ ಬರುತ್ತಾನೆ. ಇವರು ಅವನಿಗಾಗಿ ಕಾಯುವುದಿಲ್ಲ. ಮೊದಲನೆಯ ಭಾಗದ ಬಹುಪಾಲು ಸೆರೆಮನೆಯಲ್ಲಿ ಬರೆದದ್ದೆಂದು ವಿದ್ವಾಂಸರ ಅಭಿಪ್ರಾಯ. ಸೆರೆಯಲ್ಲಿರುವವನಿಗೆ ಬೇಕಾದದ್ದು ಕುಗ್ಗದ ಎದೆ. ಹೆಂಡತಿ ಮಕ್ಕಳ ಕೂಗು ಕೇಳದಂತೆ ಕಿವಿಯಲ್ಲಿ ಬೆರಳಿಟ್ಟುಕೊಂಡು ಓಡುವ ಕ್ರೈಸ್ತ, ಕುರುಡು ಮಗಳನ್ನು ನೆನೆಯುತ್ತ ಲಾಡಿ ಕಟ್ಟುತ್ತಿದ್ದ ಸೆರೆಯಾಳಿನ ಮನಸ್ಸಿನಿಂದ ಬಂದವನು. ಅವನಿಗೆ ಹಿಂದೆ ತಿರುಗಿ ನೋಡುವ ಶಕ್ತಿಯಿರಲಿಲ್ಲ, ನೋಡಿದ್ದರೆ ಸೋಲುತ್ತಿದ್ದ.

ಸೆರೆಯಲ್ಲಿ ಹನ್ನೆರಡು ವರ್ಷ ಕಳೆದಂತೆ, ಎರಡನೆಯ ಭಾಗ ಹೊರಬರುವ ಹೊತ್ತಿಗೆ ಅವನು ಸಭಾಪಾಲಕನಾಗಿಯೂ ಹನ್ನೆರಡು ವರ್ಷ ಕಳೆದಿದ್ದ. ನಡುವೆ ಸುಮಾರು ಆರು ತಿಂಗಳು ಮತ್ತೆ ಸೆರೆಯಾದದ್ದುಂಟು. ಬೆಡ್‌ಫರ್ಡ್ ಸಭೆಯ ದಾಖಲೆ ಪುಸ್ತಕ ಉಳಿದು ಬಂದಿದೆ. ಕುಡಿದವರು, ಜಗಳವಾಡಿದವರು, ಸಭೆಗೆ ಬರುವುದನ್ನು ಬಿಟ್ಟವರು, ಅವರನ್ನು ಕಂಡು ಬುದ್ಧಿ ಹೇಳಿ ಬರಲು ಕಳಿಸಿದ ಹಿರಿಯರು ಇವೇ ಅದರ ವಿಷಯಗಳು. ಪಾಲಕನಾದವನು ವಾರ ವಾರವೂ ಕಾಣುವ ಮನುಷ್ಯರು ವೀರರಲ್ಲ. ಹೆದರುವವರು, ಎಡವುವವರು, ತಮ್ಮಿಂದ ಇತರರಿಗೆ ತೊಂದರೆಯಾಗುತ್ತದೆಂದು ಮೂಲೆ ಸೇರುವವರು. ಎರಡನೆಯ ಭಾಗದ ದಾರಿ ತುಂಬ ಇವರೇ ನಡೆಯುತ್ತಾರೆ.

ಕಥೆ ಕ್ರೈಸ್ತನ ಹೆಂಡತಿ ಕ್ರಿಸ್ಟಿಯಾನಳದು. ಹಿಂದೆ ಗಂಡನೊಡನೆ ಹೊರಡಲೊಪ್ಪದಿದ್ದವಳು ಈಗ ನಾಲ್ವರು ಗಂಡುಮಕ್ಕಳನ್ನು ಕಟ್ಟಿಕೊಂಡು ಅದೇ ದಾರಿ ಹಿಡಿಯುತ್ತಾಳೆ. ಅವಳಿಗೆ ಅರಸನಿಂದ ಕರೆಯೋಲೆ ಬಂದಿದೆ. ಜೊತೆಗೆ ಹೊರಡುತ್ತಾಳೆ ನೆರೆಯ ಹುಡುಗಿ ಕರುಣೆ. ಇವಳಿಗೆ ಓಲೆಯಿಲ್ಲ. ಕ್ರಿಸ್ಟಿಯಾನಳ ಮೇಲಿನ ಮಮತೆಯಿಂದ, ಬಿಟ್ಟಿರಲಾರದೆ, ಹಿಂದೆ ಬಂದವಳು. ಕಿರುಬಾಗಿಲಲ್ಲಿ ಕ್ರಿಸ್ಟಿಯಾನಳೂ ಮಕ್ಕಳೂ ಒಳಗೆ ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ. ಕರುಣೆ ಹೊರಗೆ ಉಳಿಯುತ್ತಾಳೆ. ಒಂದೊಂದು ನಿಮಿಷವೂ ಒಂದೊಂದು ಗಳಿಗೆಯಾಗಿ, ತಡೆಯಲಾರದೆ ತಾನೇ ಬಾಗಿಲು ಬಡಿದು, ಹೆದರಿಕೆಯಿಂದ ಮೂರ್ಛೆ ಹೋಗುತ್ತಾಳೆ. ಬಾಗಿಲಿನವನು ಹೊರಗೆ ಬಂದು ಅವಳ ಕೈಹಿಡಿದು ಎಬ್ಬಿಸುತ್ತಾನೆ. ಅವಳು ತನಗೆ ಕರೆ ಬಂದಿಲ್ಲವೆಂದು ಒಪ್ಪಿಕೊಳ್ಳುತ್ತಾಳೆ. ಯಾವ ದಾರಿಯಿಂದ ತನ್ನ ಬಳಿಗೆ ಬಂದರೂ ನಂಬಿ ಬಂದವರನ್ನು ತಾನು ತೆಗೆದುಕೊಳ್ಳುವೆನೆಂದು ಅವನು ಅವಳನ್ನು ಒಳಗೆ ಕರೆದೊಯ್ಯುತ್ತಾನೆ.

ನಾನು ಎರಡು ಬಾಗಿಲುಗಳೆಂದದ್ದು ಇದನ್ನೇ. ಒಂದರಲ್ಲಿ ಪತ್ರವಿಲ್ಲದವನನ್ನು ಕಟ್ಟಿ ತಳ್ಳುತ್ತಾರೆ. ಇನ್ನೊಂದರಲ್ಲಿ ಓಲೆಯಿಲ್ಲದವಳನ್ನು ಎತ್ತಿ ಒಳಗೆ ಕರೆದುಕೊಳ್ಳುತ್ತಾರೆ. ಅವನು ದೊಡ್ಡತನದಿಂದ ಬಂದ, ಇವಳು ತನ್ನಲ್ಲಿ ಏನೂ ಇಲ್ಲವೆಂಬ ಅರಿವಿನಿಂದ ಬಂದಳು ಎಂದು ಸಿದ್ಧಾಂತಿಗಳು ಸಮಾಧಾನ ಹೇಳಬಹುದು. ಆ ವ್ಯತ್ಯಾಸವನ್ನು ನಾನೂ ಬಲ್ಲೆ. ಆದರೆ ಮೊದಲನೆಯ ಬಾರಿ ಬನಿಯನ್ ಬಾಗಿಲಿನ ಒಳಗಿನಿಂದ ನೋಡಿ ಬರೆದಿದ್ದ. ಈ ಸಲ ಹೊರಗೆ, ಮುಚ್ಚಿದ ಬಾಗಿಲಿನ ಮುಂದೆ, ಆ ಹುಡುಗಿಯ ಪಕ್ಕದಲ್ಲಿ ನಿಂತು ಬರೆದಿದ್ದಾನೆ.

ಇವರಿಗೆ ದಾರಿ ತೋರಿಸುವವನು ಮಹಾಹೃದಯ. ಅವನು ಪಾಲಕನ ಪ್ರತೀಕ. ಕಥೆಯ ನಡಿಗೆ ನಿಧಾನವಾಗುತ್ತದೆ. ಮಕ್ಕಳು ದಣಿಯುತ್ತಾರೆ, ಛತ್ರಗಳಲ್ಲಿ ದಿನಗಟ್ಟಲೆ ತಂಗುತ್ತಾರೆ, ಮದುವೆಗಳು ನಡೆಯುತ್ತವೆ. ಮಹಾಹೃದಯ ತಾನು ಹಿಂದೆ ಕರೆದೊಯ್ದ ಅಂಜುಬುರುಕನೆಂಬವನ ಕಥೆ ಹೇಳುತ್ತಾನೆ. ನಿರಾಶೆಯ ಕೆಸರಿನ ದಡದಲ್ಲಿ ಒಂದು ತಿಂಗಳು ಬಿದ್ದಿದ್ದವನು, ಕಿರುಬಾಗಿಲಲ್ಲಿ ತಟ್ಟಲು ಧೈರ್ಯವಿಲ್ಲದೆ ಇತರರಿಗೆ ದಾರಿ ಬಿಡುತ್ತ ನಿಂತವನು ಅವನು. ಎಲ್ಲರಿಗೂ ಭಯಂಕರವಾದ ಕಣಿವೆ ಅವನು ಹೋಗುವಾಗ ಎಂದೂ ಇಲ್ಲದಷ್ಟು ಶಾಂತವಾಗಿತ್ತಂತೆ. ಸಾವಿನ ಹೊಳೆ ಪಾದ ನೆನೆಯುವಷ್ಟೇ ಇತ್ತಂತೆ. ತನಗೆ ರಕ್ಷಣೆಯಿಲ್ಲವೆಂದು ವರ್ಷಗಟ್ಟಲೆ ನಡುಗಿದ ಬನಿಯನ್ನನ ಸ್ವಂತ ಯೌವನವೇ ಈ ಅಂಜುಬುರುಕ. ಎದೆಯಲ್ಲಿ ಭರವಸೆ ಹುಟ್ಟದವನು ಏನು ಮಾಡಬೇಕೆಂದು ಹಿಂದೆ ನಾನು ಕೇಳಿದ ಪ್ರಶ್ನೆಗೆ ಲೇಖಕ ಇಲ್ಲಿ ಉತ್ತರ ಕೊಟ್ಟಿದ್ದಾನೆ: ಹೊಳೆ ಅವನಿಗಾಗಿ ಇಳಿಯುತ್ತದೆ.

ಅನಂತರ ಬರುವವನು ದುರ್ಬಲಚಿತ್ತ. ಇತರರ ನಗು, ಉಡುಗೆತೊಡುಗೆ ತನ್ನ ಮನಸ್ಸಿಗೆ ಒಗ್ಗುವುದಿಲ್ಲ, ತಾನು ಹೊರೆಯಾಗುತ್ತೇನೆ, ನೀವು ಮುಂದೆ ನಡೆಯಿರಿ ಎನ್ನುತ್ತಾನೆ. ಮಹಾಹೃದಯ ಒಪ್ಪುವುದಿಲ್ಲ. ನಿನಗಾಗಿ ಕಾಯುತ್ತೇವೆ, ನಿನಗಾಗಿ ನಮ್ಮ ಕೆಲವು ಇಷ್ಟಗಳನ್ನು ಬಿಡುತ್ತೇವೆ ಎಂಬ ಭಾವದ ಮಾತಾಡುತ್ತಾನೆ. ಆ ಹೊತ್ತಿಗೆ ಕುಂಟುಗಾಲನೊಬ್ಬ ಊರುಗೋಲುಗಳನ್ನೂರಿಕೊಂಡು ಬರುತ್ತಾನೆ; ಬಂದವನೇ ತನ್ನ ಒಂದು ಕೋಲನ್ನು ದುರ್ಬಲಚಿತ್ತನಿಗೆ ಕೊಡಲು ಮುಂದಾಗುತ್ತಾನೆ. ಮೊದಲನೆಯ ಭಾಗದಲ್ಲಿ ಕುಂಟುತ್ತ ಹಿಂದೆ ಬರುವವನಿಗಾಗಿ ಯಾರೂ ನಿಲ್ಲಲಿಲ್ಲ. ಇಲ್ಲಿ ಕುಂಟುವವರ ಹೆಜ್ಜೆಗೆ ಇಡೀ ಗುಂಪಿನ ಹೆಜ್ಜೆ ಹೊಂದಿಕೊಳ್ಳುತ್ತದೆ. ಹತಾಶ ದೈತ್ಯನ ಕೋಟೆಯನ್ನು ಕೆಡವಿದಾಗ ಒಳಗಿನಿಂದ ನಿರಾಶನೂ ಅವನ ಮಗಳು ಬಹುಭೀತೆಯೂ ಹೊರಬರುತ್ತಾರೆ. ಕ್ರಿಸ್ಟಿಯಾನ ವಾದ್ಯ ನುಡಿಸುತ್ತಾಳೆ. ಕುಂಟುಗಾಲ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಹುಭೀತೆಯ ಕೈ ಹಿಡಿದು ನಡುದಾರಿಯಲ್ಲಿ ಕುಣಿಯುತ್ತಾನೆ. ಪ್ಯೂರಿಟನ್ನರೆಂದರೆ ನಗದವರು, ಕುಣಿಯದವರು ಎಂದು ನಂಬಿದವರು ಈ ಪುಟವನ್ನು ಓದಬೇಕು.

ಎರಡನೆಯ ಭಾಗದ ದೋಷಗಳನ್ನು ಮುಚ್ಚಿಡುವುದು ಬೇಡ. ಛತ್ರದ ಊಟದ ನಡುವೆ ಒಗಟುಗಳು ಅತಿಯಾಗುತ್ತವೆ. ಮಕ್ಕಳಿಗೆ ಧರ್ಮಪ್ರಶ್ನೆ ಕೇಳುವ ಪ್ರಕರಣ ಪಾಠಶಾಲೆಯ ಪುಸ್ತಕದಂತಿದೆ. ದೈತ್ಯರು ಮಹಾಹೃದಯನ ಕೈಯಲ್ಲಿ ಬಲು ಸುಲಭವಾಗಿ ಸಾಯುವುದರಿಂದ ಮೊದಲನೆಯ ಭಾಗದ ಎದೆಬಡಿತ ಇಲ್ಲಿಲ್ಲ. ಈ ಭಾಗದಲ್ಲಿ ಒಂದು ಸ್ನಾನದ ಪ್ರಸಂಗವೂ ಉಂಟು. ಬನಿಯನ್ ಅದನ್ನು ಪವಿತ್ರಗೊಳಿಸುವ ಸ್ನಾನವೆಂದು ಅಂಚಿನಲ್ಲಿ ವಿವರಿಸಿದ್ದಾನೆ. ಆದರೆ ನಡುವೆ ಬಂದು ಸೇರಿಕೊಂಡ ದುರ್ಬಲಚಿತ್ತನನ್ನಾಗಲಿ ಕುಂಟುಗಾಲನನ್ನಾಗಲಿ ಯಾರೂ ಆ ವಿಷಯ ಕೇಳಿದಂತಿಲ್ಲ.

ಇನ್ನೊಂದು ಆಕ್ಷೇಪಣೆ ಗಂಭೀರವಾದದ್ದು. 1683ರಲ್ಲಿ, ಎಂದರೆ ಈ ಭಾಗಕ್ಕೆ ಒಂದೇ ವರ್ಷ ಮುಂಚೆ, ಸಭೆಯ ಹೆಂಗಸರು ಗಂಡಸರಿಲ್ಲದೆ ತಾವೇ ಕೂಡಿ ಪ್ರಾರ್ಥನೆ ನಡೆಸಬಹುದೇ ಎಂಬ ಪ್ರಶ್ನೆಗೆ ಬನಿಯನ್ ಕೂಡದೆಂದು ಉತ್ತರ ಬರೆದು ಅಚ್ಚುಹಾಕಿಸಿದ. ಬಿಸಿಲಲ್ಲಿ ಕುಳಿತು ತಾವೇ ದೇವರ ಮಾತಾಡಿಕೊಂಡ ಹೆಂಗಸರಿಂದ ದಾರಿ ಕಂಡುಕೊಂಡವನು ಇವನೇ ಏನು ಎಂದು ಕೇಳುವಂತಾಗುತ್ತದೆ. ಪಾಲಕನಾಗಿ ಅವನು ಕಲಿತದ್ದು ಬಹಳ. ಕಲಿಯದೆ ಉಳಿದದ್ದೂ ಉಂಟು. ಕ್ರಿಸ್ಟಿಯಾನಳಿಗೆ ಕಥೆಯ ನಾಯಕಿಯ ಸ್ಥಾನ ಕೊಟ್ಟರೂ ಕತ್ತಿ ಹಿಡಿದ ಗಂಡಸೊಬ್ಬನನ್ನು ಮುಂದೆ ಮಾಡದೆ ಅವಳನ್ನು ದಾರಿಗೆ ಕಳಿಸಲಿಲ್ಲ. ಆದರೂ ಆಜ್ಞೆ ಬರೆದ ಪಾಲಕನಿಗಿಂತ ಕಥೆ ಬರೆದ ಪಾಲಕ ಉದಾರಿ ಎಂಬುದಕ್ಕೆ ಈ ಎರಡು ಬರಹಗಳೇ ಸಾಕ್ಷಿ.

ನಮ್ಮ ನಾಡಿಗೂ ಈ ಪುಸ್ತಕಕ್ಕೂ ಒಂದು ಸಂಬಂಧವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಇದನ್ನು 'ಯಾತ್ರಿಕನ ಸಂಚಾರ' ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಕನ್ನಡದಲ್ಲಿ ಹೊಸ ಬಗೆಯ ಗದ್ಯಕಥನ ಇನ್ನೂ ಕಣ್ಣುಬಿಡುತ್ತಿದ್ದ ಕಾಲ ಅದು. ಬಾಸೆಲ್ ಮಿಶನ್ನಿನವರು ಬ್ಯಾಪ್ಟಿಸ್ಟರಲ್ಲ. ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಸಂಪ್ರದಾಯದವರು. ಲಂಡನ್ನಿನ ಹಿರಿಯರ ನಿಯಮದಂತೆ ಅವರಿಗೂ ಬ್ಯಾಪ್ಟಿಸ್ಟರಿಗೂ ಸಹಪಂಕ್ತಿಯಿಲ್ಲ. ಬ್ಯಾಪ್ಟಿಸ್ಟನೆನಿಸಿಕೊಂಡವನ ಪುಸ್ತಕ ಮಾತ್ರ ಆ ಗೋಡೆಯನ್ನು ದಾಟಿ, ಅವರ ಕೈಯಿಂದಲೇ ಮಂಗಳೂರಿನ ಕಡೆಯ ಕನ್ನಡಿಗರ ಮನೆ ಸೇರಿತು. ಸ್ನಾನಭೇದ ಸಹಭೋಜನಕ್ಕೆ ಅಡ್ಡಿಯಲ್ಲವೆಂದು 1673ರಲ್ಲಿ ಅವನು ಮಾಡಿದ ವಾದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆಯನ್ನು ಅವನೂ ಹುಡುಕಲಾರದೆ ಹೋಗುತ್ತಿದ್ದ. ಬೆಡ್‌ಫರ್ಡಿನ ಅವನ ಸಭೆಯೂ, ಬನಿಯನ್ ಮೀಟಿಂಗ್ ಎಂಬ ಹೆಸರಿನಲ್ಲಿ, ಇಂದಿಗೂ ಎರಡು ಬಗೆಯವರನ್ನೂ ಕೂಡಿಸಿಕೊಂಡು ನಡೆಯುತ್ತಿದೆ.

1688ರಲ್ಲಿ ಬನಿಯನ್ ತೀರಿಕೊಂಡ ಬಗೆಯೂ ಪಾಲಕನಿಗೆ ತಕ್ಕದ್ದೇ. ತಂದೆಮಗನ ಜಗಳವೊಂದನ್ನು ಬಗೆಹರಿಸಲು ರೆಡಿಂಗ್ ಎಂಬ ಊರಿಗೆ ಹೋಗಿದ್ದ. ಇಬ್ಬರನ್ನೂ ಒಂದುಮಾಡಿ, ಕುದುರೆಯೇರಿ ಲಂಡನ್ನಿಗೆ ಬರುವಾಗ ದಾರಿಯುದ್ದಕ್ಕೂ ಮಳೆ. ನೆಂದು ಬಂದವನಿಗೆ ಜ್ವರ ಹತ್ತಿ, ಆಗಸ್ಟ್ 31ರಂದು ಸ್ನೇಹಿತನ ಮನೆಯಲ್ಲಿ ಪ್ರಾಣಬಿಟ್ಟ. ಹೊರಗೆ ಕಳಿಸಲ್ಪಡಲಿದ್ದ ಮಗನೊಬ್ಬನಿಗಾಗಿ ಬಾಗಿಲು ತೆರೆಸಿ ಬಂದದ್ದು ಅವನು ಮಾಡಿದ ಕೊನೆಯ ಕೆಲಸಗಳಲ್ಲೊಂದು.

ಈಗ ಅಜ್ಜಿಯ ಮಾತು. ಆಕೆಯನ್ನು ಬನಿಯನ್ ಒಳಗೆ ಬಿಡುತ್ತಿದ್ದನೇ ಎಂದು ಕೇಳಿದರೆ, ಅವನ ಸಿದ್ಧಾಂತದಂತೆ ಇಲ್ಲವೆಂದೇ ಹೇಳಬೇಕು. ಅವನು ಹೇಳದ ಮಾತನ್ನು ಅವನ ಬಾಯಲ್ಲಿ ಹಾಕುವುದು ವಿಮರ್ಶೆಯ ಧರ್ಮವಲ್ಲ. ಆದರೆ ಎರಡನೆಯ ಭಾಗದ ಕೊನೆಗೆ, ಬಹುಭೀತೆ ಸಾವಿನ ಹೊಳೆಗೆ ಇಳಿಯುವಾಗ ಹಾಡುತ್ತ ಇಳಿಯುತ್ತಾಳೆ. ದಡದಲ್ಲಿ ನಿಂತವರಲ್ಲಿ ಒಬ್ಬರಿಗೂ ಆ ಹಾಡಿನ ಮಾತು ತಿಳಿಯಲಿಲ್ಲವೆಂದು ಬನಿಯನ್ ಬರೆದಿದ್ದಾನೆ. ತಿಳಿಯದ ಹಾಡನ್ನು ಅವನು ತಿದ್ದಲಿಲ್ಲ. ಏನು ಹಾಡಿದೆ ಎಂದು ಯಾರಿಂದಲೂ ಕೇಳಿಸಲಿಲ್ಲ. ನಮ್ಮ ಅಜ್ಜಿ ಬೆಳಗಿನ ಜಾವ ಒಲೆ ಹೊತ್ತಿಸುತ್ತ ಗುನುಗುತ್ತಿದ್ದ ಹಾಡುಗಳ ಮಾತೂ ನನಗೆ ತಿಳಿಯುತ್ತಿರಲಿಲ್ಲ. ಪುಸ್ತಕವನ್ನು ಈ ಸಲ ಅಟ್ಟಕ್ಕೆ ಹಾಕಲಿಲ್ಲ. ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ.